ಪ್ರೊಟೀನ್ ಡಬ್ಬಕ್ಕೆ ಸೋಂಪುರದಿಂದ ಒಂದು ಬಹಿರಂಗ ಪತ್ರ

ಪ್ರಿಯ ಪ್ರೊಟೀನ್ ಡಬ್ಬವೇ,

ನೀನು ನಮ್ಮ ಕಡೆ ಕಾಲಿಟ್ಟು ಬಹಳ ದಿನವಾಯಿತು. ಮೆಡಿಕಲ್ ಸ್ಟೋರಿನ ಗಾಜಿನ ಕಪಾಟಿನಲ್ಲಿ ಇದ್ದೀಯ, ದಿನಸಿ ಅಂಗಡಿಯ ಮೇಲಿನ ಸಾಲಿನಲ್ಲಿ ಇದ್ದೀಯ, ಜಿಮ್ಮಿನ ಮೂಲೆಯಲ್ಲೂ ಇದ್ದೀಯ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಹಿಂದೆ ಬ್ರೆಡ್ಡು, ಮೂಸಂಬಿ ಹಿಡಿದು ಹೋಗುತ್ತಿದ್ದರು. ಈಗ ನಿನ್ನನ್ನು ಹಿಡಿದು ಹೋಗುತ್ತಾರೆ. ಬಾಣಂತಿಯ ಮನೆಗೆ, ಪರೀಕ್ಷೆ ಬರೆಯುವ ಮಗುವಿನ ಮನೆಗೆ, ಮೊಣಕಾಲು ಹಿಡಿದ ಅಜ್ಜಿಯ ಮನೆಗೆ ನೀನು ಸಲೀಸಾಗಿ ಹೋಗಿ ಬರುತ್ತೀಯ. ನಿನ್ನ ಹತ್ತಿರ ಮಾತಾಡಬೇಕಾದ ವಿಷಯ ಬಹಳ ಇದೆ. ನಿನ್ನನ್ನು ಕೊಳ್ಳುವವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ. ಶಿವಗಂಗೆ ಬೆಟ್ಟ, ದಾಬಸ್‌ಪೇಟೆ, ತುಮಕೂರು ಹೆದ್ದಾರಿ, ಕೆಐಎಡಿಬಿಯವರ ಸೋಂಪುರ ಕೈಗಾರಿಕಾ ಪ್ರದೇಶ ಎಂದರೆ ಎಲ್ಲರಿಗೂ ಗುರುತು ಸಿಗುತ್ತದೆ. ಇದು ರಾಗಿ ಸೀಮೆ. ರಾಗಿ ಹೊಲದಲ್ಲಿ ನಾಲ್ಕಾರು ಸಾಲಿಗೊಂದು ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುವುದು ಇಲ್ಲಿನ ಹಳೆಯ ಬೇಸಾಯ. ಹಿಂಗಾರಿನ ಮಳೆ ನೋಡಿಕೊಂಡು ಬಡ ನೆಲಕ್ಕೆ ಹುರುಳಿ ಎರಚುತ್ತಿದ್ದರು. ಕಾಳಿನ ಗಿಡದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಆ ಸಾರಜನಕದಿಂದಲೇ ಗಿಡ ಪ್ರೊಟೀನ್ ಕಟ್ಟಿ ಕಾಳಿನಲ್ಲಿ ತುಂಬುತ್ತದೆ. ನೀನು ಡಬ್ಬದಲ್ಲಿ ತಂದು ಮಾರುವ ವಸ್ತು ನಮ್ಮ ಹೊಲದ ಸಾಲಿನಲ್ಲಿ ಮೊದಲಿನಿಂದಲೂ ಬೆಳೆಯುತ್ತಿತ್ತು. ಅದು ಹೊಲದಿಂದಲೂ ತಟ್ಟೆಯಿಂದಲೂ ಕಡಿಮೆಯಾಗುತ್ತಾ ಬಂದ ಕಾಲದಲ್ಲೇ ನೀನು ಕಪಾಟಿನಲ್ಲಿ ಹೆಚ್ಚುತ್ತಾ ಬಂದೆ. ನನ್ನ ಸಂಕಟ ಶುರುವಾಗುವುದು ಇಲ್ಲಿಂದ.

ಪ್ರೊಟೀನ್ ಬೇಕೇ ಬೇಕು ಎನ್ನುವುದರಲ್ಲಿ ನಿನಗೂ ನನಗೂ ಭಿನ್ನಾಭಿಪ್ರಾಯ ಇಲ್ಲ. ಸ್ನಾಯು, ಚರ್ಮ, ಕೂದಲು, ರಕ್ತದ ಹಿಮೋಗ್ಲೋಬಿನ್, ಊಟ ಅರಗಿಸುವ ಕಿಣ್ವ, ರೋಗದ ಜೊತೆ ಹೋರಾಡುವ ಪ್ರತಿಕಾಯ, ಇವೆಲ್ಲವೂ ಪ್ರೊಟೀನಿನಿಂದಲೇ ಆಗುವಂಥವು. ಮೈ ಕೊಬ್ಬನ್ನು ಕೂಡಿಡುತ್ತದೆ, ಆದರೆ ಪ್ರೊಟೀನನ್ನು ಹಾಗೆ ಉಗ್ರಾಣದಲ್ಲಿ ಇಟ್ಟುಕೊಳ್ಳುವುದಿಲ್ಲ. ಹಳೆಯದು ಸವೆಯುತ್ತಾ ಹೊಸದು ಕಟ್ಟುತ್ತಾ ಇರುವುದರಿಂದ ದಿನದಿನವೂ ಅದು ಊಟದಲ್ಲಿ ಬರಬೇಕು. ಊಟವೇ ಸಾಲದೆ ಹೋದರೆ, ತಿಂದ ಅಲ್ಪ ಪ್ರೊಟೀನನ್ನೂ ಮೈ ಶಕ್ತಿಗಾಗಿ ಸುಟ್ಟುಬಿಡುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ತಿಂದರೆ ಅದು ತಾನಾಗಿ ಸ್ನಾಯುವಾಗುವುದಿಲ್ಲ. ಮೈ ದುಡಿದರೆ ಮಾತ್ರ ಸ್ನಾಯು ಬೆಳೆಯುತ್ತದೆ. ಹೆಚ್ಚಾದದ್ದು ಶಕ್ತಿಯಾಗಿಯೋ ಕೊಬ್ಬಾಗಿಯೋ ಹೋಗುತ್ತದೆ, ಅದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೊರಬೀಳುತ್ತದೆ.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದ ಪ್ರಕಾರ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 55 ಕೆ.ಜಿ. ತೂಕದ ಹೆಂಗಸಿಗೆ ಸುಮಾರು 46 ಗ್ರಾಂ, 65 ಕೆ.ಜಿ.ಯ ಗಂಡಸಿಗೆ 54 ಗ್ರಾಂ. ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ ಇದರ ಮೇಲೆ ಇನ್ನೂ 22 ಗ್ರಾಂ, ಎದೆಹಾಲು ಕುಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಹೆಚ್ಚು ಬೇಕು.

ಈಗ ಆ 46 ಗ್ರಾಮನ್ನು ಒಂದು ತಟ್ಟೆಯಲ್ಲಿ ಹುಡುಕೋಣ. ರಾಗಿ, ಅಕ್ಕಿ ಎರಡರಲ್ಲೂ 100 ಗ್ರಾಂಗೆ ಏಳೆಂಟು ಗ್ರಾಂ ಪ್ರೊಟೀನ್ ಇರುತ್ತದೆ. ದಿನಕ್ಕೆ ರಾಗಿಹಿಟ್ಟು, ಅಕ್ಕಿ ಸೇರಿ 250 ಗ್ರಾಂ ತಿಂದರೆ 18–19 ಗ್ರಾಂ ಬಂತು. ಒಣ ಅವರೆ, ಹುರುಳಿ, ತೊಗರಿಯಲ್ಲಿ 100 ಗ್ರಾಂಗೆ ಹೆಚ್ಚುಕಡಿಮೆ 20ರಿಂದ 22 ಗ್ರಾಂ ಇರುತ್ತದೆ. 85 ಗ್ರಾಂ ಕಾಳು ತಿಂದರೆ ಇನ್ನೊಂದು 18 ಗ್ರಾಂ. ಹಾಲು, ಮೊಸರು, ಮಜ್ಜಿಗೆ ಎಂದು 300 ಮಿ.ಲೀ. ಹಾಲಿನಷ್ಟು ಹೊಟ್ಟೆಗೆ ಹೋದರೆ ಒಂಬತ್ತು ಹತ್ತು ಗ್ರಾಂ. ಅಲ್ಲಿಗೆ 46 ಮುಗಿಯಿತು. ಧಾನ್ಯ, ಕಾಳುಗಳ ಪ್ರೊಟೀನ್ ಪೂರ್ತಿ ಅರಗುವುದಿಲ್ಲವಾದ್ದರಿಂದ ಹೆಚ್ಚಾಗಿ ಧಾನ್ಯವನ್ನೇ ನಂಬಿದವರು ಕೆ.ಜಿ.ಗೆ ಒಂದು ಗ್ರಾಂ ಲೆಕ್ಕ ಹಿಡಿಯುವುದು ಒಳ್ಳೆಯದು. ಆ ಕೊರತೆಗೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಮೊಟ್ಟೆ ಸೇರಿದರೆ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಇರುತ್ತದೆ.

ಈ ಲೆಕ್ಕದಲ್ಲಿ ಕಾಳನ್ನು 85 ಗ್ರಾಂನಿಂದ 20 ಗ್ರಾಂಗೆ ಇಳಿಸಿ ನೋಡು. 14 ಗ್ರಾಂ ಪ್ರೊಟೀನ್ ಒಮ್ಮೆಗೇ ಬಿದ್ದುಹೋಗುತ್ತದೆ. ತಟ್ಟೆ ತುಂಬಿಯೇ ಇರುತ್ತದೆ, ಅನ್ನ ಇನ್ನೊಂದು ಸೌಟು ಹೆಚ್ಚೇ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಸಾರು ತೆಳ್ಳಗಾಗಿರುತ್ತದೆ. ನಮ್ಮ ಮನೆಗಳ ಪ್ರೊಟೀನ್ ಕೊರತೆ ಇರುವುದು ಆ ತೆಳ್ಳನೆಯ ಸಾರಿನಲ್ಲಿ. ಆ ಸಾರು ಗಟ್ಟಿಯಾಗದೆ ನೀನು ಎಷ್ಟು ಚಮಚ ಬಿದ್ದರೂ ಮನೆಮಂದಿಯ ಆರೋಗ್ಯ ಗಟ್ಟಿಯಾಗುವುದಿಲ್ಲ. ಈ ಪತ್ರದಲ್ಲಿ ನಾನು ಹೇಳಬೇಕಾದ್ದು ಇದೇ.

ಮುದ್ದೆಗೆ ಕಾಳಿನ ಸಾರೇ ಯಾಕೆ ಎನ್ನುವುದಕ್ಕೂ ಕಾರಣವಿದೆ. ಮೈ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿಯೇ ಇದೆ, ಅವರೆಯಲ್ಲಿ ಲೈಸಿನ್ ಚೆನ್ನಾಗಿದೆ. 2024ರಲ್ಲಿ ಬಂದ ಭಾರತೀಯರ ಆಹಾರ ಮಾರ್ಗಸೂಚಿಯೂ ಧಾನ್ಯ ಮೂರು ಪಾಲಾದರೆ ಬೇಳೆಕಾಳು ಒಂದು ಪಾಲು ಇರಲಿ ಎನ್ನುತ್ತದೆ. ಮೇಲಿನ ಲೆಕ್ಕದ 250 ಗ್ರಾಂ, 85 ಗ್ರಾಂ ಅದೇ ಅಳತೆ. ಪ್ರೊಟೀನ್ ಪುಡಿಗಳಿಂದ ಮೈಕಟ್ಟು ಬೆಳೆಸಲು ಹೋಗಬೇಡಿ ಎಂದೂ ಅದೇ ಮಾರ್ಗಸೂಚಿ ಬಿಡಿಸಿ ಹೇಳಿದೆ.

ನಮ್ಮ ಅಡುಗೆಮನೆಯ ಕೆಲಸವನ್ನು ಹತ್ತಿರದಿಂದ ನೋಡಿದರೆ ನಿನಗೂ ಗೌರವ ಬಂದೀತು. ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಕಾಳಿನಲ್ಲಿ ಪ್ರೊಟೀನ್ ಅರಗದಂತೆ ತಡೆಯುವ ಅಂಶಗಳಿವೆ, ಕಬ್ಬಿಣ ಸತುವನ್ನು ಹಿಡಿದಿಡುವ ಫೈಟೇಟ್ ಇದೆ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದಾಗ ಇವು ಕಡಿಮೆಯಾಗುತ್ತವೆ. ಅವರೆಕಾಲದಲ್ಲಿ ಕಾಳನ್ನು ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಹಿತುಕಿ, ಸಿಪ್ಪೆ ಹಾರಿಸಿ ಹಿತಕಿದ ಬೇಳೆ ಮಾಡುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿಜ್ಞಾನಿಗಳು ಹೆಸರುಕಾಳಿನ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಿಪ್ಪೆ ತೆಗೆದಾಗ ಅದರ ಪ್ರೊಟೀನ್ ಹೆಚ್ಚು ಅರಗುತ್ತದೆ ಎಂದು ಅಳೆದು ತೋರಿಸಿದ್ದಾರೆ. ಮನೆಯ ಹೆಂಗಸರು ಚಳಿಗಾಲದ ಸಂಜೆ ಸುತ್ತ ಕೂತು ಹಿತುಕುವ ಆ ಕೆಲಸಕ್ಕೆ ರುಚಿಯ ಜೊತೆಗೆ ಇಂಥ ಒಂದು ಅರ್ಥವೂ ಇರಬಹುದು.

ಅದೇ ಸೇಂಟ್ ಜಾನ್ಸ್‌ನ ಡಾ. ಅನುರಾ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳ ಕೆಲಸವನ್ನು ಇಲ್ಲಿ ನೆನೆಯಬೇಕು. ವಯಸ್ಕರಿಗೆ ಲೈಸಿನ್ ದಿನಕ್ಕೆ ಕೆ.ಜಿ.ಗೆ 12 ಮಿಲಿಗ್ರಾಂ ಸಾಕು ಎಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಬೆಂಗಳೂರಿನಲ್ಲಿ ಭಾರತೀಯರ ಮೇಲೆ ನಡೆದ ಅಧ್ಯಯನಗಳು ಅದು ಸಾಲದು ಎಂದು ತೋರಿಸಿದವು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ ಅದು 30 ಮಿಲಿಗ್ರಾಂ ಆಯಿತು. ಅಂದರೆ ಬರೀ ಅನ್ನದ ಮೇಲೆ ಬದುಕುವವರ ಕೊರತೆ ನಾವು ಎಣಿಸಿದ್ದಕ್ಕಿಂತ ದೊಡ್ಡದು, ಕಾಳು, ಹಾಲು, ಮೊಟ್ಟೆಯ ಅಗತ್ಯವೂ ಅಷ್ಟೇ ದೊಡ್ಡದು.

ಇನ್ನು ನಿನ್ನ ಲೇಬಲ್ ಓದುತ್ತೇನೆ. ನಿನ್ನ ಮನೆತನದಲ್ಲಿ ಎಲ್ಲರೂ ಒಂದೇ ಅಲ್ಲ. ಮಕ್ಕಳಿಗೆಂದು ಮಾರುವ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ ಏಳರಿಂದ ಹನ್ನೊಂದು ಗ್ರಾಂ ಪ್ರೊಟೀನ್ ಇರುತ್ತದೆ, ಸಕ್ಕರೆ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ಪ್ರೊಟೀನ್ ನಮ್ಮ ರಾಗಿಹಿಟ್ಟಿನಲ್ಲೇ ಹತ್ತಿರ ಹತ್ತಿರ ಇದೆ, ಜೊತೆಗೆ ಬೇಕಾದಷ್ಟು ಸುಣ್ಣದ ಅಂಶವೂ ಇದೆ. ಆ ಪುಡಿ ಕಲಸಿದ ಲೋಟದಲ್ಲಿ ಮಗುವಿಗೆ ಸಿಗುವ ಪ್ರೊಟೀನ್ ಬಹುಪಾಲು ಹಾಲಿನದು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲ. ಆದ್ದರಿಂದ ಇಂಥ ಪಾನೀಯಗಳನ್ನು ಆ ಹೆಸರಿನ ಪಟ್ಟಿಯಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ತಿಳಿಸಿತು.

ಜಿಮ್ಮಿನ ವ್ಹೇ ಪುಡಿಯ ಮಾತು ಬೇರೆ. ಪನೀರ್, ಚೀಸ್ ಮಾಡುವಾಗ ಉಳಿಯುವ ಹಾಲಿನ ತಿಳಿಯಿಂದ ಬರುವ ಒಳ್ಳೆಯ ಪ್ರೊಟೀನ್ ಅದು, ಒಂದು ಅಳತೆಗೆ 24–25 ಗ್ರಾಂ ಕೊಡಬಲ್ಲದು. ಆದರೆ ಲೇಬಲ್ ನಿಜ ಹೇಳಬೇಕಲ್ಲ? ಕೇರಳದ ವೈದ್ಯ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ನಮ್ಮ ಮಾರುಕಟ್ಟೆಯ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷೆಗೆ ಹಾಕಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಶೇ. 70ರಷ್ಟು ಪುಡಿಗಳಲ್ಲಿ ಲೇಬಲ್ ಹೇಳಿದ ಪ್ರೊಟೀನಿಗೂ ಒಳಗಿದ್ದ ಪ್ರೊಟೀನಿಗೂ ತಾಳೆಯಾಗಲಿಲ್ಲ. ಕೆಲವುಗಳಲ್ಲಿ ಶಿಲೀಂಧ್ರದ ವಿಷ, ಕೀಟನಾಶಕದ ಕುರುಹೂ ಸಿಕ್ಕಿತು. ಸಾವಿರಾರು ರೂಪಾಯಿ ಕೊಟ್ಟು ನಿನ್ನನ್ನು ಕೊಳ್ಳುವ ಹುಡುಗ ಹೆಚ್ಚಾಗಿ ಎಂಟು ಗಂಟೆ ನಿಂತು ದುಡಿಯುವ ಹುಡುಗ. ಅವನ ದುಡ್ಡಿಗೆ ಮೋಸವಾಗಬಾರದು, ಅವನ ಲಿವರಿಗೆ ಹಾನಿಯೂ ಆಗಬಾರದು.

ನಿನಗೊಂದು ಹಳೆಯ ಕಥೆ ಹೇಳಬೇಕು, ಅದು ನಮ್ಮ ರಾಜ್ಯದ್ದೇ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ ಎಂಬ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಶುರುವಾಯಿತು. ದೇಶ ಹಸಿದಿದ್ದ ಕಾಲ. ಅಲ್ಲಿನ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಮಾಡಿದರು. ಮುಂದೆ ಹಾಲಿಗೆ ಕಡಲೆಕಾಯಿಯ ಪ್ರೊಟೀನ್ ಸೇರಿಸಿ ಹೆಚ್ಚು ಮಕ್ಕಳಿಗೆ ಎಟುಕುವಂತೆ ‘ಮಿಲ್ಟೋನ್’ ಮಾಡಿದರು. ಬಡ ಮಗುವಿನ ಬಾಯಿಗೆ ಸ್ಥಳೀಯ ಬೆಳೆಯಿಂದಲೇ ಪ್ರೊಟೀನ್ ಸಿಗಲಿ ಎಂಬ ಹಂಬಲ ಅವರದು. 1968ರಲ್ಲಿ ವಿಶ್ವಸಂಸ್ಥೆ ಜಗತ್ತಿಗೆ ಪ್ರೊಟೀನ್ ಬಿಕ್ಕಟ್ಟು ಬರಲಿದೆ ಎಂದು ಎಚ್ಚರಿಸಿತು. ನಮ್ಮ ದೇಶದ ಸಿ. ಗೋಪಾಲನ್, ಪಿ.ವಿ. ಸುಖಾತ್ಮೆ ಅವರಂಥ ವಿಜ್ಞಾನಿಗಳು ಬೇರೆ ಮಾತು ಹೇಳಿದರು: ಜನಕ್ಕೆ ಸಾಲದಿರುವುದು ಊಟವೇ, ಮಾಮೂಲಿ ಊಟವನ್ನೇ ಹೊಟ್ಟೆ ತುಂಬ ತಿಂದರೆ ಪ್ರೊಟೀನ್ ಕೊರತೆಯೂ ಬಹುಪಾಲು ನೀಗುತ್ತದೆ. 1974ರಲ್ಲಿ ಪೋಷಣಾ ವಿಜ್ಞಾನಿ ಡೊನಾಲ್ಡ್ ಮೆಕ್‌ಲಾರೆನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಪ್ರೊಟೀನ್ ಒಂದನ್ನೇ ಹಿಡಿದು ಜಗತ್ತು ದಾರಿ ತಪ್ಪಿತು ಎಂದು ಬರೆದರು. ಐವತ್ತು ವರ್ಷ ಕಳೆದು ಈಗ ಬಿಸ್ಕತ್ತು, ಬ್ರೆಡ್ಡು, ಐಸ್‌ಕ್ರೀಮಿನ ಮೇಲೆಲ್ಲ ಪ್ರೊಟೀನ್ ಹೆಸರು ಮತ್ತೆ ಎದ್ದು ಕಾಣುತ್ತಿದೆ. ಈ ಸಲ ಅದು ಕಾಣುವುದು ದುಡ್ಡಿದ್ದವರ ಕಪಾಟಿನಲ್ಲಿ. ಬೇಕಾದವರ ತಟ್ಟೆಯಲ್ಲಿ ಅದು ಆಗಲೂ ಕಡಿಮೆ, ಈಗಲೂ ಕಡಿಮೆ.

ಯಾರ ತಟ್ಟೆಯಲ್ಲಿ ಎಂದು ಕೇಳುತ್ತೀಯಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಇದಕ್ಕೆ ಪ್ರೊಟೀನ್ ಒಂದೇ ಕಾರಣ ಅಲ್ಲ; ಕಬ್ಬಿಣ, ಶುದ್ಧ ನೀರು, ಶೌಚ, ಚಿಕ್ಕ ವಯಸ್ಸಿನ ಬಸಿರು ಎಲ್ಲ ಸೇರಿದೆ. ಆದರೆ ತಟ್ಟೆ ಬಡವಾಗಿದೆ ಎನ್ನುವುದಕ್ಕೆ ಇದು ಸಾಕ್ಷಿ.

ತಟ್ಟೆ ತುಂಬಿದರೆ ಏನಾಗುತ್ತದೆ ಎನ್ನುವುದಕ್ಕೂ ಸಾಕ್ಷಿ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿ ಒಂದು ಅಧ್ಯಯನ ನಡೆಸಿದರು. ಒಂದು ಗುಂಪಿನ ಮನೆಗಳಲ್ಲಿ ರೋಗಿಯ ಜೊತೆ ಮನೆಮಂದಿಗೂ ಪಡಿ ಕೊಟ್ಟರು: ದೊಡ್ಡವರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 50 ಗ್ರಾಂ ಬೇಳೆ ಆಯಿತು. ಆ ಮನೆಮಂದಿಗೆ ಕ್ಷಯ ಹತ್ತುವುದು ಶೇ. 39ರಷ್ಟು ಕಡಿಮೆಯಾಯಿತು, ಶ್ವಾಸಕೋಶದ ಸೋಂಕು ಹರಡುವ ಬಗೆಯದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಇದು 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿದೆ. ಅಕ್ಕಿ, ಬೇಳೆ, ಎಲ್ಲ ಅಂಗಡಿಯಲ್ಲೂ ಸಿಗುವ ಸಾಮಾನು. ಅದು ಮಾಡಿದ ಕೆಲಸ ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಹಾಗಿದ್ದರೆ ನಮ್ಮಲ್ಲಿ ಕಾಳು ಯಾಕೆ ಕಡಿಮೆಯಾಯಿತು? ಅದಕ್ಕೆ ನೀನು ಕಾರಣನಲ್ಲ. ಅಕ್ಕಡಿ ಹಿಡಿಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಶೆಡ್ಡು, ಗೋದಾಮು, ಲೇಔಟಿನ ಕಲ್ಲು ನಿಂತಿವೆ. ಮನೆಯಲ್ಲಿ ಬೆಳೆದಾಗ ಚೀಲದಿಂದ ಎರಡು ಹಿಡಿ ಹೆಚ್ಚು ಹಾಕುತ್ತಿದ್ದ ಕೈ, ಕೊಂಡು ತರುವಾಗ ಅಳೆದು ಹಾಕುತ್ತದೆ. ಗಂಡ ಒಂದು ಷಿಫ್ಟು, ಹೆಂಡತಿ ಇನ್ನೊಂದು ಷಿಫ್ಟಿಗೆ ಹೋಗುವ ಮನೆಯಲ್ಲಿ ಕಾಳು ನೆನೆಹಾಕುವುದು ಮರೆತುಹೋಗುತ್ತದೆ, ಬೆಳಿಗ್ಗೆ ಚಿತ್ರಾನ್ನ ಡಬ್ಬಿಗೆ ಬೀಳುತ್ತದೆ. ಹೊರ ರಾಜ್ಯದಿಂದ ದುಡಿಯಲು ಬಂದು ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇರುವ ಹುಡುಗರು ಅನ್ನ, ಆಲೂಗಡ್ಡೆಯಲ್ಲಿ ದಿನ ದೂಡುತ್ತಾರೆ. ಸುಸ್ತು ಎಂದಾಗ ಅವರಿಗೆ ನೀನು ಕಣ್ಣಿಗೆ ಬೀಳುತ್ತೀಯ.

ಇನ್ನೊಂದು ಕಾರಣ ಅಡುಗೆಮನೆಯೊಳಗೇ ಇದೆ, ಅದನ್ನು ಹೇಳದೆ ಇರಲಾರೆ. ಬಸ್ಸಾರು ಮಾಡುವಾಗ ಸೊಪ್ಪು ಕಾಳು ಬೇಯಿಸಿ ಕಟ್ಟು ಬಸಿಯುತ್ತಾರೆ. ಕಟ್ಟು ಸಾರಾಗುತ್ತದೆ, ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪ್ರೊಟೀನ್ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಎಷ್ಟೋ ಮನೆಗಳಲ್ಲಿ ಆ ಪಲ್ಯ ಮೊದಲು ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳ ತಟ್ಟೆಗೆ ಹೋಗಿ, ಕೊನೆಗೆ ಉಣ್ಣುವ ಹೆಂಗಸಿಗೆ ಮುದ್ದೆಯ ಜೊತೆ ಸಾರಷ್ಟೇ ಉಳಿಯುತ್ತದೆ. ಬಸುರಿ, ಬಾಣಂತಿ ಇರುವ ಮನೆಯಲ್ಲೂ ಹೀಗಾದರೆ, ಅವಳಿಗೆಂದು ನಿನ್ನನ್ನು ಕೊಂಡು ತಂದು ಏನು ಪ್ರಯೋಜನ? ಪಲ್ಯದಲ್ಲಿ ಅವಳ ಪಾಲನ್ನು ಮೊದಲೇ ತೆಗೆದಿಡುವುದಕ್ಕೆ ದುಡ್ಡು ಬೇಕಾಗಿಲ್ಲ.

ಈಗ ಆಗಬೇಕಾದ್ದರ ಮಾತು. ಸರ್ಕಾರ ಸ್ವಲ್ಪ ಕೆಲಸ ಮಾಡಿದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಮಕ್ಕಳ ಕೈಗೆ 150 ಮಿ.ಲೀ. ಹಾಲಿನ ಲೋಟ ಸಿಕ್ಕಿತು. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು. ಮೊಟ್ಟೆಯ ಪ್ರೊಟೀನ್ ಹತ್ತಿರ ಹತ್ತಿರ ಶೇ. 90ರಷ್ಟು ಅರಗುತ್ತದೆ. ತಿನ್ನುವ ಮಕ್ಕಳಿಗೆ ಅದು ನಿಲ್ಲದೆ ಸಿಗಲಿ, ತಿನ್ನದ ಮಕ್ಕಳಿಗೆ ಚಿಕ್ಕಿ, ಕಾಳು ಸಿಗಲಿ. ಪಡಿತರದಲ್ಲಿ ಧಾನ್ಯದ ಪಕ್ಕದಲ್ಲೇ ಬೇಳೆಯೂ ತಪ್ಪದೆ ಇರಬೇಕು. ಮೂರಕ್ಕೆ ಒಂದು ಎಂಬ ಅಳತೆ ಪುಸ್ತಕದಲ್ಲಿ ಉಳಿದರೆ ಸಾಲದು, ನ್ಯಾಯಬೆಲೆ ಅಂಗಡಿಯ ತಕ್ಕಡಿಗೂ ಬರಬೇಕು.

ಕಾರ್ಖಾನೆಗಳ ಕ್ಯಾಂಟೀನು ನಡೆಸುವವರಲ್ಲಿ ನನ್ನ ಬೇಡಿಕೆ ಸರಳ. ಒಂದು ಊಟಕ್ಕೆ ಒಬ್ಬರಿಗೆ 30–40 ಗ್ರಾಂ ಬೇಳೆ ಅಥವಾ ಕಾಳು ಬೀಳುವ ಹಾಗೆ ಅಳೆದು ಹಾಕಿ. ವಾರದಲ್ಲಿ ಎರಡು ದಿನ ಮೊಳಕೆ ಹುರುಳಿಯ ಸಾರು, ಮುದ್ದೆ ಮಾಡಿ. ರಾತ್ರಿ ಪಾಳಿಯವರಿಗೆ ಚಹಾ ಬನ್ನಿನ ಜೊತೆ ಒಂದು ಬೇಯಿಸಿದ ಮೊಟ್ಟೆ ಅಥವಾ ಉಸಲಿ ಕೊಡಿ. ಕೃಷಿ ಇಲಾಖೆಯವರಿಗೂ ಒಂದು ಮಾತು: ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ಎಚ್‌ಎ–3, ಎಚ್‌ಎ–4 ತಳಿಗಳನ್ನು ಕೊಟ್ಟು, ಚಳಿಗಾಲಕ್ಕೆ ಕಾಯದೆ ವರ್ಷದ ಬೇರೆ ಕಾಲದಲ್ಲೂ ಅವರೆ ಬೆಳೆಯುವಂತೆ ಮಾಡಿದೆ. ಉಳಿದಿರುವ ರಾಗಿ ಹೊಲಗಳಲ್ಲಿ ಅಕ್ಕಡಿ ಮತ್ತೆ ಹಿಡಿಯುವ ರೈತರಿಗೆ ಬೀಜ, ಖರೀದಿ ಎರಡೂ ಖಾತರಿ ಮಾಡಿಕೊಡಿ.

ಅರವತ್ತು ದಾಟಿದವರ ಮನೆಯವರೇ, ಹಿರಿಯರಿಗೆ ವಯಸ್ಸಾಯಿತು ಎಂದು ರಾತ್ರಿ ಬರೀ ಗಂಜಿ ಕೊಟ್ಟು ಮಲಗಿಸಬೇಡಿ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಎದ್ದು ಕೂರುವ ಶಕ್ತಿ ಹೋಗುತ್ತದೆ, ಬಿದ್ದರೆ ಮೂಳೆ ಮುರಿಯುತ್ತದೆ. ಅವರಿಗೆ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಹಲ್ಲಿಲ್ಲದಿದ್ದರೆ ಹೆಸರುಬೇಳೆ ತೊವ್ವೆ, ಹಿತಕಿದ ಬೇಳೆ ಸಾರು, ಗಟ್ಟಿ ಮೊಸರು, ಮೆತ್ತಗೆ ಬೇಯಿಸಿದ ಮೊಟ್ಟೆ ಇದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಡಬ್ಬವೇ, ನಿನಗೂ ಒಂದು ಜಾಗ ಇದೆ. ಆಪರೇಷನ್ ಆಗಿ ಅಗಿಯಲಾರದವರು, ಸುಟ್ಟಗಾಯದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಊಟ ಸೇರದವರು ವೈದ್ಯರ ಚೀಟಿ ಹಿಡಿದು ಬಂದರೆ ಅವರಿಗೆ ಆಸರೆಯಾಗು, ಲೇಬಲ್‌ನಲ್ಲಿ ಬರೆದಷ್ಟನ್ನು ಪ್ರಾಮಾಣಿಕವಾಗಿ ಕೊಡು. ಉಳಿದ ನಮ್ಮೆಲ್ಲರಿಗೆ ಗಟ್ಟಿ ಸಾರು, ಅದರಲ್ಲಿ ಎಲ್ಲರಿಗೂ ಸಮಪಾಲು, ಅದಕ್ಕೆ ಬೇಕಾದಷ್ಟು ಕಾಳು ಕೊಳ್ಳುವ ಕೂಲಿ, ಅದನ್ನು ಬೇಯಿಸಿ ಕೂತು ಉಣ್ಣುವಷ್ಟು ಹೊತ್ತು ಬೇಕು. ಇವನ್ನು ನಿನ್ನ ಹತ್ತಿರ ಕೇಳಿದರೆ ಸಿಗುವುದಿಲ್ಲ. ಮನೆಯಲ್ಲಿ, ಗ್ರಾಮಸಭೆಯಲ್ಲಿ, ಕಾರ್ಖಾನೆಯ ಗೇಟಿನೊಳಗೆ ನಾವೇ ಕೇಳಿ ಪಡೆಯಬೇಕು. ಕೇಳುತ್ತೇವೆ.

ಇಂತಿ,
ಸೋಂಪುರ ಹೋಬಳಿಯ ಒಬ್ಬ ನಿವಾಸಿ